ಬೇಸಿಗೆಯ ಹದಿನೈದು ದಿನ, ವ್ಯಾಪಾರದ ಹನ್ನೆರಡು ತಿಂಗಳು

ಏಪ್ರಿಲ್ ಮುಗಿದು ಮೇ ತಿಂಗಳು ಕಾಲಿಡುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ವರ್ತಕ ಕುಟುಂಬಗಳಲ್ಲಿ ಪ್ರತಿವರ್ಷ ಒಂದೇ ಪ್ರಶ್ನೆ ಏಳುತ್ತದೆ: ಈ ಸಲ ರಜೆಗೆ ಎಲ್ಲಿಗೆ? ಒಂದು ಕಾಲಕ್ಕೆ ಇದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. ಹೆಂಡತಿ-ಮಕ್ಕಳು ತವರೂರಿಗೆ, ಯಜಮಾನರು ಅಂಗಡಿಯ ಗಲ್ಲಾಕ್ಕೆ. ಹೆಚ್ಚೆಂದರೆ ಗೋಕರ್ಣ, ಶಿರಸಿ, ದಾಂಡೇಲಿ. ವಯಸ್ಸಾದ ಮೇಲೆ ಕಾಶಿ-ರಾಮೇಶ್ವರ. ಈಗ ಚಿತ್ರ ಬದಲಾಗಿದೆ. ಪ್ರವಾಸ ಕಂಪನಿಗಳ ಬಣ್ಣದ ಕರಪತ್ರಗಳಲ್ಲಿ ಲಂಡನ್ನಿನ ಗಡಿಯಾರ ಗೋಪುರ, ಸ್ಕಾಟ್ಲೆಂಡಿನ ಸರೋವರ, ಐರ್ಲೆಂಡಿನ ಹಸಿರು ಕಡಲತೀರಗಳು ಅಂಗಡಿಯ ಮೇಜಿನ ಮೇಲೆಯೇ ಬಂದು ಕುಳಿತಿವೆ. ಮಕ್ಕಳು ಓದಿಗೋ ನೌಕರಿಗೋ ಅತ್ತ ಹೋಗಿ ನೆಲೆಸಿದ ಮನೆಗಳಲ್ಲಂತೂ ಇದು ಕರಪತ್ರದ ಮಾತಾಗಿ ಉಳಿದಿಲ್ಲ, ವರ್ಷದ ಯೋಜನೆಯಾಗಿದೆ.

ಇಂಥ ಪ್ರವಾಸವನ್ನು ಕಂಡು ಪೇಟೆಯಲ್ಲಿ ಎರಡು ಬಗೆಯ ಅಭಿಪ್ರಾಯಗಳು ಹುಟ್ಟುತ್ತವೆ. ಇದು ದುಡಿದ ಹಣದ ದುಂದುವೆಚ್ಚ ಎಂಬುದು ಒಂದು. ದುಡಿದವರಿಗೆ ಖರ್ಚು ಮಾಡುವ ಹಕ್ಕಿದೆ, ಅದರಲ್ಲಿ ಲೆಕ್ಕ ಕೇಳುವುದೇನು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದ್ದರೂ ಎರಡೂ ಅಪೂರ್ಣ. ವಾಣಿಜ್ಯೋದ್ಯಮಿಯೊಬ್ಬನು ತನ್ನ ಪತ್ನಿಯೊಡನೆ ಹದಿನೈದು ದಿನ ಬ್ರಿಟನ್ ಮತ್ತು ಐರ್ಲೆಂಡ್ ಸುತ್ತಿ ಬರುವುದು ಕೇವಲ ಖರ್ಚಾಗಿಯೇ ಉಳಿಯಬೇಕೋ, ಅಥವಾ ಬಂಡವಾಳವಾಗಿ ಪರಿಣಮಿಸಬೇಕೋ ಎಂಬುದನ್ನು ತೀರ್ಮಾನಿಸುವುದು ವಿಮಾನದ ಟಿಕೇಟಿನ ದರವಲ್ಲ. ಹೋಗುವ ಮುನ್ನ ಮಾಡುವ ಸಿದ್ಧತೆ ಮತ್ತು ಬಂದ ಮೇಲೆ ಮಾಡುವ ಕೆಲಸ.

ಉದಾಹರಣೆಗೆ ಬೈರಿದೇವರಕೊಪ್ಪದಲ್ಲಿ ಯಂತ್ರದ ಬಿಡಿಭಾಗಗಳ ಅಂಗಡಿಯನ್ನೂ ಗಾಮನಗಟ್ಟಿಯ ಕಡೆ ಒಂದು ಸಣ್ಣ ಲೇತ್ ಘಟಕವನ್ನೂ ನಡೆಸುವ, ಐವತ್ತರ ಆಸುಪಾಸಿನ ದಂಪತಿಯನ್ನು ಊಹಿಸಿಕೊಳ್ಳಬಹುದು. ಇವರು ನಿರ್ದಿಷ್ಟವಾಗಿ ಯಾರೂ ಅಲ್ಲ. ಆದರೆ ಓದುಗರಲ್ಲಿ ಅನೇಕರು ತಮ್ಮನ್ನು ಆ ಸ್ಥಾನದಲ್ಲಿ ಸುಲಭವಾಗಿ ಕಾಣಬಲ್ಲರು.

ಹಳೆಯ ನಂಟು

ಧಾರವಾಡ ಸೀಮೆಗೂ ಆ ದ್ವೀಪಗಳಿಗೂ ಇರುವ ವ್ಯಾಪಾರದ ನಂಟು ಇಂದಿನದಲ್ಲ. 1840ರ ದಶಕದಿಂದ ಈ ಜಿಲ್ಲೆಯ ಎರೆ ನೆಲದಲ್ಲಿ ಅಮೆರಿಕದ ಹತ್ತಿಯ ತಳಿಯನ್ನು ಬೆಳೆಸುವ ಪ್ರಯತ್ನ ನಡೆಯಿತು. ‘ಧಾರವಾಡ ಅಮೆರಿಕನ್’ ಎಂಬುದು ಹತ್ತಿಯ ಒಂದು ಜಾತಿಯ ಹೆಸರೇ ಆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ, ಈ ಭಾಗದ ಹತ್ತಿಯ ಅಂಡಿಗೆಗಳು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರು ಸೇರಿ, ಮುಂಬಯಿಯ ಮಾರ್ಗವಾಗಿ ಲಿವರ್‌ಪೂಲ್ ಮುಟ್ಟಿದವು. ಲಿವರ್‌ಪೂಲಿನ ಪೇಟೆಯಲ್ಲಿ ಕುಮಟಾದ ಹೆಸರು ಹತ್ತಿಯ ಹೆಸರಾಗಿ ಕೇಳಿಬರುತ್ತಿತ್ತು. ಯುದ್ಧ ಮುಗಿಯಿತು, 1865ರಲ್ಲಿ ಧಾರಣೆ ಕುಸಿಯಿತು, ಮುಂಬಯಿಯ ಷೇರುಪೇಟೆಯೇ ನೆಲಕಚ್ಚಿತು. ತನ್ನ ಮಾಲಿನ ಧಾರಣೆಯನ್ನು ಮತ್ತೊಬ್ಬರು ಮತ್ತೊಂದೂರಿನಲ್ಲಿ ನಿಗದಿಪಡಿಸುವಾಗ ಬೆಳೆದವನ ಗತಿ ಏನಾಗುತ್ತದೆಂಬ ಪಾಠವನ್ನು ಈ ನೆಲ ನೂರ ಅರವತ್ತು ವರ್ಷಗಳ ಹಿಂದೆಯೇ ಕಲಿತಿದೆ.

ಆ ಬಳಿಕ ನಂಟಿನ ಸ್ವರೂಪ ಬದಲಾಯಿತು. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು ತಮ್ಮ ಅನುಭವವನ್ನು ಕನ್ನಡಿಗರಿಗೆ ಪುಸ್ತಕರೂಪದಲ್ಲಿ ಒದಗಿಸಿದರು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ, ಬ್ರಿಟಿಷ್ ಸಂಸತ್ ಭವನ ಎದುರಿಗೆ ಕಾಣುವ ಸ್ಥಳದಲ್ಲಿ, ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರು ಅದಕ್ಕಾಗಿ ಶ್ರಮಿಸಿದ್ದರು. ಉತ್ತರ ಕರ್ನಾಟಕದಿಂದ ಹೋದ ದಂಪತಿ ಆ ಪ್ರತಿಮೆಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳದೆ ಮರಳುವುದು ಅಪರೂಪ. ಕಾಯಕವನ್ನು ಹಿರಿದೆಂದು ಸಾರಿದ ಶರಣರ ಎದುರು ನಿಂತ ಗಳಿಗೆಯಲ್ಲಿ ತಮ್ಮ ಕಾಯಕದ ಲೆಕ್ಕವನ್ನೂ ಒಮ್ಮೆ ನೆನೆದರೆ ಪ್ರವಾಸದ ಆರಂಭ ಸಾರ್ಥಕವಾದೀತು.

ವೀಸಾ ಕಡತವೆಂಬ ಕನ್ನಡಿ

ಪ್ರವಾಸದ ಮೊದಲ ಪಾಠ ವಿಮಾನ ಏರುವ ಮೊದಲೇ ಆರಂಭವಾಗುತ್ತದೆ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕುವವರು ಪ್ರವಾಸದ ವೆಚ್ಚವನ್ನು ಭರಿಸುವ ಶಕ್ತಿ ತಮಗಿದೆಯೆಂದೂ, ಅವಧಿ ಮುಗಿದೊಡನೆ ಮರಳಿ ಬರುವಷ್ಟು ಬಲವಾದ ನಂಟು ಊರಿನಲ್ಲಿದೆಯೆಂದೂ ದಾಖಲೆಗಳ ಮೂಲಕ ತೋರಿಸಬೇಕು. ಬ್ಯಾಂಕಿನ ಖಾತೆಯ ಪಟ್ಟಿ, ಆದಾಯ ತೆರಿಗೆಯ ವಿವರಪಟ್ಟಿಗಳು, ಜಿಎಸ್‌ಟಿ ನೋಂದಣಿ, ಪಾಲುದಾರಿಕೆಯ ಪತ್ರ: ಇವೆಲ್ಲ ಮೇಜಿನ ಮೇಲೆ ಬರಬೇಕಾಗುತ್ತದೆ.

ಇಲ್ಲಿಯೇ ಅನೇಕ ಸಣ್ಣ ಉದ್ದಿಮೆಗಳ ಗುಟ್ಟು ರಟ್ಟಾಗುವುದು. ವರ್ಷವಿಡೀ ರೋಕಡಿಯಲ್ಲಿಯೇ ವ್ಯವಹಾರ ನಡೆಸಿ, ಕಾಗದದ ಮೇಲೆ ಆದಾಯವನ್ನು ಆದಷ್ಟು ಕಡಿಮೆ ತೋರಿಸಿದ ವರ್ತಕನಿಗೆ ತನ್ನ ನಿಜವಾದ ಯೋಗ್ಯತೆಯನ್ನು ತೋರಿಸಲು ದಾಖಲೆಯೇ ಇರುವುದಿಲ್ಲ. ಅರ್ಜಿಯ ಹಿಂದಿನ ವಾರ ಖಾತೆಗೆ ದಿಢೀರನೆ ದೊಡ್ಡ ಮೊತ್ತ ತುಂಬಿದರೆ ಅದು ಅನುಮಾನಕ್ಕೆ ಎಡೆಗೊಡುತ್ತದೆಯೇ ಹೊರತು ವಿಶ್ವಾಸ ಹುಟ್ಟಿಸುವುದಿಲ್ಲ. ಇದು ಪರದೇಶದ ಅಧಿಕಾರಿಯ ಮೇಜಿನ ಮಾತು ಮಾತ್ರವಲ್ಲ. ಘಟಕವನ್ನು ವಿಸ್ತರಿಸಲು ಬ್ಯಾಂಕಿನ ಸಾಲ ಕೇಳಲು ಹೋದಾಗಲೂ ಇದೇ ಅನುಭವ. ಉಳಿಸಿದೆನೆಂದುಕೊಂಡ ತೆರಿಗೆಗಿಂತ ಕಳೆದುಕೊಂಡ ಅವಕಾಶದ ಬೆಲೆ ಹೆಚ್ಚೆಂಬುದನ್ನು ವೀಸಾ ಕಡತ ತೋರಿಸಿಕೊಡುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಅರ್ಜಿಯಲ್ಲಿ ಪತ್ನಿಯ ಉದ್ಯೋಗ ಕೇಳುವ ಸಾಲಿನಲ್ಲಿ ಬಹುಪಾಲು ಕುಟುಂಬಗಳು ‘ಗೃಹಿಣಿ’ ಎಂದು ಬರೆಯುತ್ತವೆ. ಆಕೆ ಇಪ್ಪತ್ತು ವರ್ಷಗಳಿಂದ ಅಂಗಡಿಯ ಕಿರ್ದಿ ಬರೆಯುತ್ತಿರಬಹುದು. ಯಾವ ಗಿರಾಕಿಯ ಉದ್ರಿ ಎಷ್ಟು ಬಾಕಿಯೆಂಬುದನ್ನು ಪುಸ್ತಕ ನೋಡದೆ ಹೇಳಬಲ್ಲವಳಾಗಿರಬಹುದು. ಘಟಕದ ಕೆಲಸಗಾರರ ವಾರದ ಪಗಾರ ಆಕೆಯ ಕೈಯಿಂದಲೇ ಬಟವಾಡೆಯಾಗುತ್ತಿರಬಹುದು. ಆದರೂ ಪಾಲುದಾರಿಕೆಯ ಪತ್ರದಲ್ಲಿ ಆಕೆಯ ಹೆಸರಿಲ್ಲ, ಆಕೆಯ ಹೆಸರಿನಲ್ಲಿ ಆದಾಯ ತೆರಿಗೆಯ ವಿವರಪಟ್ಟಿಯಿಲ್ಲ, ಸ್ವಂತ ಖಾತೆಗೆ ಸಂಬಳ ಜಮೆಯಾಗುವುದಿಲ್ಲ. ಪತಿಯೇ ವೆಚ್ಚ ಭರಿಸುವುದಾಗಿ ತೋರಿಸಿ ವೀಸಾ ಪಡೆಯಲು ಅವಕಾಶವಿದೆ, ನಿಜ. ಆದರೆ ನಾಳೆ ಯಜಮಾನರ ಆರೋಗ್ಯಕ್ಕೆ ತೊಂದರೆಯಾದರೆ ಬ್ಯಾಂಕು, ಸರಬರಾಜುದಾರರು, ತೆರಿಗೆ ಕಚೇರಿ ಇವರೆಲ್ಲರ ಎದುರು ಆಕೆ ಯಾವ ಅಧಿಕಾರದಿಂದ ನಿಲ್ಲಬೇಕು? ಪ್ರವಾಸದ ನೆಪದಲ್ಲಿಯಾದರೂ ಈ ಪ್ರಶ್ನೆ ಮನೆಯಲ್ಲಿ ಚರ್ಚೆಗೆ ಬರುವುದು ಒಳ್ಳೆಯದು.

ಹಣದ ವಿಷಯದಲ್ಲಿಯೂ ಎರಡು ಮಾತುಗಳನ್ನು ನೆನಪಿಡುವುದು ಅವಶ್ಯ. ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿಯೇ ತೆರಿಗೆ ವಸೂಲು ಮಾಡುವ ಪದ್ಧತಿ ಜಾರಿಗೆ ಬಂದಿತು. ಆನಂತರ ಅದರ ನಿಯಮಗಳು ಬದಲಾಗಿವೆ. ಹೀಗೆ ಕಟ್ಟಿದ ಮೊತ್ತ ನಷ್ಟವಲ್ಲ. ವರ್ಷಾಂತ್ಯದಲ್ಲಿ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು. ಇನ್ನೊಂದು, ಸ್ವಂತ ವಿಹಾರದ ವೆಚ್ಚವನ್ನು ವ್ಯಾಪಾರದ ಖರ್ಚೆಂದು ಪುಸ್ತಕದಲ್ಲಿ ಬರೆಯಲು ಕಾನೂನು ಒಪ್ಪುವುದಿಲ್ಲ. ವಿವರಗಳಿಗೆ ಹೊರಡುವ ಮುನ್ನವೇ ಲೆಕ್ಕ ಪರಿಶೋಧಕರನ್ನು ಕಾಣುವುದು ಜಾಣತನ.

ಮಾಲೀಕನಿಲ್ಲದ ಅಂಗಡಿ

ಹಣವನ್ನು ಹೊಂದಿಸಬಹುದು, ಹದಿನೈದು ದಿನಗಳನ್ನು ಹೊಂದಿಸುವುದೇ ಕಷ್ಟ. ಬ್ರಿಟನ್ನಿನಲ್ಲಿ ಜೂನ್ ತಿಂಗಳು ಹಗಲು ದೀರ್ಘವಾಗಿರುವ ಒಳ್ಳೆಯ ಕಾಲ. ಆದರೆ ಅಮರಗೋಳದ ಎಪಿಎಂಸಿ ಸುತ್ತಲಿನ ಬೀಜ-ಗೊಬ್ಬರದ ವರ್ತಕರಿಗೆ ಮುಂಗಾರಿನ ಬಿತ್ತನೆಯ ಜೂನ್ ತಿಂಗಳೆಂದರೆ ಊಟಕ್ಕೂ ಬಿಡುವಿಲ್ಲದ ಕಾಲ. ಬಟ್ಟೆ, ಪಾತ್ರೆ, ಬಂಗಾರದ ವ್ಯಾಪಾರಿಗಳಿಗೆ ಮೇ ತಿಂಗಳ ಲಗ್ನಸರಾಯಿ ಬಿಡುವಂತಿಲ್ಲ. ಪ್ರತಿಯೊಂದು ಧಂದೆಗೂ ತನ್ನದೇ ಸುಗ್ಗಿ, ತನ್ನದೇ ಬಿಡುವು. ಪ್ರವಾಸ ಕಂಪನಿಯ ದಿನಾಂಕಕ್ಕೆ ಅಂಗಡಿಯನ್ನು ಹೊಂದಿಸುವುದಕ್ಕಿಂತ ಅಂಗಡಿಯ ಬಿಡುವಿಗೆ ಪ್ರವಾಸವನ್ನು ಹೊಂದಿಸಿಕೊಳ್ಳುವವರೇ ನೆಮ್ಮದಿಯಿಂದ ಹೋಗಿಬರಬಲ್ಲರು.

ಆದರೂ ಪ್ರಶ್ನೆ ಉಳಿಯುತ್ತದೆ. ಅಂಗಡಿಯನ್ನು ಯಾರಿಗೆ ಒಪ್ಪಿಸುವುದು? ಬಹುತೇಕ ಸಣ್ಣ ಉದ್ದಿಮೆಗಳಲ್ಲಿ ಧಾರಣೆ ಮಾಲೀಕನ ತಲೆಯಲ್ಲಿ, ಬೀಗದ ಕೈ ಅವನ ಜೇಬಿನಲ್ಲಿ, ಬ್ಯಾಂಕಿನ ಗುಪ್ತಸಂಖ್ಯೆ ಅವನ ಮೊಬೈಲಿನಲ್ಲಿ. ಗುಮಾಸ್ತನಿಗೆ ಐದು ನೂರು ರೂಪಾಯಿಯ ರಿಯಾಯಿತಿ ಕೊಡುವ ಅಧಿಕಾರವೂ ಇಲ್ಲ. ಇಂಥ ಅಂಗಡಿ ಮಾಲೀಕನಿಲ್ಲದೆ ಎರಡು ದಿನ ನಡೆದೀತು. ಮೂರನೆಯ ದಿನ ಬಾಗಿಲು ಹಾಕಬೇಕಾಗುತ್ತದೆ. ಹದಿನೈದು ದಿನ ಮಾಲೀಕನ ಹೊರತು ನಡೆಯಲಾರದ ಉದ್ದಿಮೆಯನ್ನು ಮಾರಲೂ ಆಗದು, ಮಕ್ಕಳಿಗೆ ವಹಿಸಿಕೊಡಲೂ ಆಗದು. ಅದು ಆಸ್ತಿಯಲ್ಲ, ಸಂಕೋಲೆ.

ಆದುದರಿಂದ ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದಲೇ ಧಾರಣೆಯ ಪಟ್ಟಿ ಬರೆದಿಡುವುದು, ಉದ್ರಿಯ ಮಿತಿಯನ್ನು ಗೊತ್ತುಪಡಿಸುವುದು, ನಂಬಿಗಸ್ತ ಗುಮಾಸ್ತನಿಗೋ ಮಗಳಿಗೋ ಹಂತಹಂತವಾಗಿ ಅಧಿಕಾರ ಕೊಟ್ಟು ನೋಡುವುದು ಮೊದಲಾದ ಕ್ರಮಗಳನ್ನು ಕೈಗೊಂಡರೆ, ಪ್ರವಾಸ ರದ್ದಾದರೂ ಉದ್ದಿಮೆಗೆ ಲಾಭವೇ. ಯಜಮಾನರು ಎಡಿನ್‌ಬರೋದ ಕೋಟೆಯ ಮೇಲೆ ನಿಂತು ದಿನಕ್ಕೆ ಹತ್ತು ಸಲ ಬೈರಿದೇವರಕೊಪ್ಪಕ್ಕೆ ಫೋನು ಮಾಡುತ್ತಿದ್ದರೆ ಕೋಟೆಯನ್ನೂ ನೋಡಿದಂತಾಗದು, ಅಂಗಡಿಯನ್ನೂ ನಡೆಸಿದಂತಾಗದು.

ಅಲ್ಲಿ ನೋಡತಕ್ಕದ್ದು

ಸಾಮಾನ್ಯ ಪ್ರವಾಸಿ ಅರಮನೆ, ಸೇತುವೆ, ಸರೋವರಗಳನ್ನು ನೋಡುತ್ತಾನೆ. ಅವು ನೋಡತಕ್ಕವೇ. ಆದರೆ ಉತ್ಪಾದಕನ ಕಣ್ಣಿಗೆ ಆ ನಾಡಿನಲ್ಲಿ ಅದಕ್ಕಿಂತ ಹೆಚ್ಚಿನದು ಕಾಣಬೇಕು. ತಾನು ಮಾಡುವ ಕೆಲಸವನ್ನೇ ಜನರು ಹಣ ಕೊಟ್ಟು ನೋಡುವಂತೆ ಮಾಡಿದ ನಾಡು ಅದು.

ಮ್ಯಾಂಚೆಸ್ಟರಿನ ಹತ್ತಿರ ಸ್ಟೈಯಲ್ ಎಂಬಲ್ಲಿ 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಸ್ಥಾಪಿಸಿದ ಕ್ವಾರಿ ಬ್ಯಾಂಕ್ ಹತ್ತಿ ಗಿರಣಿ ಇದೆ. ಈಗ ಅದು 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿದ್ದು, ನೀರಿನ ಚಕ್ರ, ನೂಲುವ ಯಂತ್ರ, ಮಗ್ಗಗಳನ್ನು ಪ್ರವಾಸಿಗರು ನೋಡಬಹುದು. ಅಲ್ಲಿ ದುಡಿದ ಬಡಮಕ್ಕಳು ವಾಸಿಸಿದ ಮನೆಯನ್ನೂ ಮರೆಮಾಚದೆ ತೋರಿಸುತ್ತಾರೆ. ಹತ್ತಿಯನ್ನು ಬೆಳೆದು ಕಳಿಸಿದ ಸೀಮೆಯಿಂದ ಹೋದ ದಂಪತಿಗೆ, ಅಂಥ ಹತ್ತಿ ಬಟ್ಟೆಯಾಗುತ್ತಿದ್ದ ಬಗೆಯನ್ನು ನೋಡುವುದು ಅರಮನೆಯ ಕಾವಲುಗಾರರ ಬದಲಾವಣೆಗಿಂತ ಹೆಚ್ಚು ಅರ್ಥಪೂರ್ಣವೆನಿಸೀತು.

ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಯ ಬಟ್ಟೆಯ ಕಥೆ ಇನ್ನೂ ಬೋಧಪ್ರದ. ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿಯೇ ಬಣ್ಣ ಹಾಕಿ, ನೂತು, ಅಲ್ಲಿಯ ನಿವಾಸಿಗಳು ತಮ್ಮ ಮನೆಗಳಲ್ಲಿಯೇ ಕೈಮಗ್ಗದಿಂದ ನೇಯ್ದು, ಅಲ್ಲಿಯೇ ಅಂತಿಮ ಸಂಸ್ಕಾರ ಮಾಡಿದ ಅಪ್ಪಟ ಉಣ್ಣೆಯ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲಬೇಕೆಂದು 1993ರಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಪರಿಶೀಲನೆಯಾದ ಬಟ್ಟೆಯ ಮೇಲೆ ಗೋಲ ಮತ್ತು ಶಿಲುಬೆಯ ಮುದ್ರೆ ಬೀಳುತ್ತದೆ. ಮನೆಯಲ್ಲಿ ಕುಳಿತು ನೇಯುವವರ ಬಟ್ಟೆಯೊಂದು ಕಾನೂನಿನ ಬಲದಿಂದ, ಕಟ್ಟುನಿಟ್ಟಾದ ತಪಾಸಣೆಯಿಂದ ಜಗತ್ತಿನ ದುಬಾರಿ ಅಂಗಡಿಗಳಿಗೆ ಏರಿದೆ.

ಯಾರ್ಕ್ ನಗರದಲ್ಲಿ 1975ರಲ್ಲಿ ತೆರೆದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. 1938ರಲ್ಲಿ ಉಗಿಬಂಡಿಯ ವೇಗದ ದಾಖಲೆ ಸ್ಥಾಪಿಸಿದ ‘ಮ್ಯಾಲರ್ಡ್’ ಅದರ ಸಂಗ್ರಹದ ಹೆಮ್ಮೆ. ಪ್ರವೇಶ ಉಚಿತವಾದರೂ ಬಂದವರು ಉಪಾಹಾರಗೃಹದಲ್ಲಿ, ಆಟಿಕೆಯ ಅಂಗಡಿಯಲ್ಲಿ, ಊರಿನ ವಸತಿಗೃಹಗಳಲ್ಲಿ ಖರ್ಚು ಮಾಡುತ್ತಾರೆ. ಬೆಲ್‌ಫಾಸ್ಟ್ ಅಂತೂ ಒಂದು ಹೆಜ್ಜೆ ಮುಂದೆ ಹೋಗಿದೆ. ಟೈಟಾನಿಕ್ ಹಡಗನ್ನು ಕಟ್ಟಿದ ಕಾರ್ಖಾನೆಯ ಜಾಗದಲ್ಲಿ, ಆ ಹಡಗು ಮುಳುಗಿದ ನೂರು ವರ್ಷಗಳ ನಂತರ, 2012ರಲ್ಲಿ ದೊಡ್ಡ ಪ್ರದರ್ಶನಾಲಯ ತೆರೆಯಿತು. ಮುಳುಗಿದ ಹಡಗಿನ ಕಥೆಯಿಂದಲೂ ಊರಿಗೆ ಜೀವನೋಪಾಯ ದೊರಕಿಸಬಹುದೆಂದು ತೋರಿಸಿದ ಊರು ಅದು.

ಬೆಲ್‌ಫಾಸ್ಟಿನಿಂದ ಡಬ್ಲಿನ್‌ಗೆ ರೈಲಿನಲ್ಲಿ ಹೊರಟರೆ ಸುಮಾರು ಎರಡು ತಾಸಿನ ಹಾದಿ. ನಡುವೆ ದೇಶ ಬದಲಾಗುತ್ತದೆ, ಪೌಂಡು ಹೋಗಿ ಯೂರೋ ಬರುತ್ತದೆ. ಆದರೆ ಗಡಿಯಲ್ಲಿ ಬಂಡಿ ನಿಲ್ಲುವುದಿಲ್ಲ. 2017ರ ಜುಲೈಗೆ ಮುನ್ನ ರಾಜ್ಯದ ಗಡಿಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದ ತಪಾಸಣಾ ಠಾಣೆಗಳನ್ನು ಕಂಡ ವರ್ತಕರಿಗೆ ಇದರ ಬೆಲೆ ತಿಳಿದಿದೆ. ಗಡಿ ಕಾಣದಿದ್ದರೂ ಕಾನೂನು ಎರಡು ಎಂಬುದನ್ನು ಮಾತ್ರ ಮರೆಯಬಾರದು. ಐರ್ಲೆಂಡ್ ಪ್ರತ್ಯೇಕ ರಾಷ್ಟ್ರ. ಒಂದೇ ವೀಸಾದಲ್ಲಿ ಎರಡೂ ದೇಶಗಳನ್ನು ನೋಡುವ ಏರ್ಪಾಡು ಭಾರತೀಯರಿಗೆ 2015ರಲ್ಲಿ ದೊರೆಯಿತಾದರೂ ಅದಕ್ಕೆ ಷರತ್ತುಗಳಿವೆ. ವೀಸಾ ನೀಡಿದ ದೇಶವನ್ನೇ ಮೊದಲು ಪ್ರವೇಶಿಸಬೇಕೆಂಬುದು ಅವುಗಳಲ್ಲೊಂದು. ಹೊರಡುವ ವರ್ಷದ ನಿಯಮವನ್ನು ಖಚಿತಪಡಿಸಿಕೊಂಡೇ ಟಿಕೇಟು ಮಾಡಿಸತಕ್ಕದ್ದು.

ಐರ್ಲೆಂಡಿನ ವಾಟರ್‌ಫರ್ಡ್ ಗಾಜಿನ ಕಾರ್ಖಾನೆಯ ಉದಾಹರಣೆ ಸಣ್ಣ ಉದ್ದಿಮೆದಾರರ ಮನಸ್ಸಿಗೆ ನಾಟುವಂಥದು. ಜಗತ್ಪ್ರಸಿದ್ಧವಾದ ಆ ಕಾರ್ಖಾನೆ 2009ರ ಜನವರಿಯಲ್ಲಿ ಮುಚ್ಚಿತು. ನುರಿತ ಕುಶಲಕರ್ಮಿಗಳು ಬೀದಿಗೆ ಬಿದ್ದರು. 2010ರಲ್ಲಿ ಅದೇ ಊರಿನ ನಡುವೆ ಒಂದು ಚಿಕ್ಕ ತಯಾರಿಕಾ ಘಟಕ ಮತ್ತು ಸಂದರ್ಶಕರ ಕೇಂದ್ರ ತೆರೆಯಿತು. ಬಂದವರು ಗಾಜನ್ನು ಊದುವುದನ್ನೂ ಕೊರೆಯುವುದನ್ನೂ ಕಣ್ಣೆದುರೇ ನೋಡುತ್ತಾರೆ, ಹೊರಡುವಾಗ ಕೊಳ್ಳುತ್ತಾರೆ. ಹಿಂದಿನ ವೈಭವವೆಲ್ಲ ಮರಳಲಿಲ್ಲ. ಆದರೆ ಕಲೆ ಊರು ಬಿಟ್ಟು ಹೋಗಲಿಲ್ಲ.

ಅಂಗಡಿಕಾರರ ಬದುಕನ್ನೂ ಗಮನಿಸುವುದು ಅವಶ್ಯ. 1972ರಲ್ಲಿ ಉಗಾಂಡಾದಿಂದ ಹೊರದಬ್ಬಲ್ಪಟ್ಟ ಸುಮಾರು 27 ಸಾವಿರ ಏಷ್ಯನ್ನರು ಬ್ರಿಟನ್ನಿಗೆ ಬಂದರು. ಅವರಲ್ಲಿ ಗುಜರಾತಿ ಕುಟುಂಬಗಳೇ ಹೆಚ್ಚು. ಬೀದಿಯ ಮೂಲೆಯ ಅಂಗಡಿಗಳನ್ನು ಹಿಡಿದು, ಗಂಡ ಬೆಳಗಿನ ಜಾವ, ಹೆಂಡತಿ ಹಗಲು ಎಂಬಂತೆ ಗಲ್ಲಾದ ಹಿಂದೆ ಕುಳಿತು ಎಷ್ಟೋ ಮನೆತನಗಳು ಬೇರೂರಿದವು. ದಂಪತಿಯೇ ಒಂದು ಸಂಸ್ಥೆಯಾಗಿ ನಿಲ್ಲಬಹುದೆಂಬುದಕ್ಕೆ ಅದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಮತ್ತೊಂದೆಡೆ, ಇಂಗ್ಲೆಂಡಿನಲ್ಲಿ 1994ರ ಕಾಯಿದೆಯಂತೆ ದೊಡ್ಡ ಅಂಗಡಿಗಳು ಭಾನುವಾರ ಆರು ತಾಸು ಮಾತ್ರ ತೆರೆದಿರಬಹುದು. ಸಣ್ಣ ಅಂಗಡಿಗಳಿಗೆ ಈ ನಿರ್ಬಂಧವಿಲ್ಲ. ಸಣ್ಣವರಿಗೆ ಉಸಿರಾಡಲು ಒಂದಿಷ್ಟು ಅವಕಾಶವನ್ನು ಕಾನೂನೇ ಬಿಟ್ಟಿದೆ.

ಚೀಲದಲ್ಲಿ ದಾಟದ ಫೇಡಾ

ಪರದೇಶಕ್ಕೆ ಹೊರಟವರ ಚೀಲದಲ್ಲಿ ಖಟಕ್ ರೊಟ್ಟಿ, ಶೇಂಗಾ ಹಿಂಡಿ ಇರುವುದು ಸಹಜ. ಅಲ್ಲಿಯ ಬಂಧುಗಳಿಗೆಂದು ಧಾರವಾಡ ಫೇಡಾದ ಪೆಟ್ಟಿಗೆಯನ್ನೂ ಇಡಬೇಕೆನಿಸುತ್ತದೆ. ಆದರೆ ಭಾರತದಿಂದ ಹೋಗುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಬ್ರಿಟನ್ನಿಗಾಗಲಿ ಐರ್ಲೆಂಡಿಗಾಗಲಿ ಒಯ್ಯುವಂತಿಲ್ಲ. ಉನ್ನಾವೊದಿಂದ ಬಂದ ಠಾಕೂರ ಮನೆತನದವರು ಧಾರವಾಡದಲ್ಲಿ ಕುದುರಿಸಿದ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ತಿನಿಸು ವಿಮಾನ ನಿಲ್ದಾಣದ ಬುಟ್ಟಿಯಲ್ಲಿ ಕೊನೆಗಾಣುವುದು ಯಾರಿಗೂ ಬೇಡ. ಆದರೆ ಇದರಲ್ಲಿ ಮುನಿಸಿಗೆ ಕಾರಣವಿಲ್ಲ, ಪಾಠವಿದೆ. ತಿನಿಸಿನ ರುಚಿ ಎಷ್ಟೇ ದೊಡ್ಡದಾದರೂ ಅದರ ಪೇಟೆಯ ಗಡಿಯನ್ನು ಗೊತ್ತುಪಡಿಸುವುದು ಆರೋಗ್ಯದ ನಿಯಮ, ಬಾಳಿಕೆಯ ಅವಧಿ ಮತ್ತು ಪ್ಯಾಕಿಂಗು. ಹಾಲಿಲ್ಲದ ತಿನಿಸುಗಳಿಗೆ, ಹಿಂಡಿಗಳಿಗೆ, ಬ್ಯಾಡಗಿ ಮೆಣಸಿನಕಾಯಿಯ ಪುಡಿಗೆ ಹಾದಿ ಇಷ್ಟು ಕಠಿಣವಲ್ಲ. ಅಲ್ಲಿಯೂ ಪರೀಕ್ಷೆ ತಪ್ಪಿದ್ದಲ್ಲ.

ಭಾರತ ಮತ್ತು ಬ್ರಿಟನ್ ನಡುವಿನ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿದೆ. ಭಾರತದ ಬಹುತೇಕ ಎಲ್ಲ ಸರಕುಗಳಿಗೆ ಅಲ್ಲಿಯ ಆಮದು ಸುಂಕವನ್ನು ತೆಗೆದುಹಾಕುವುದು ಅದರ ಮುಖ್ಯಾಂಶ. ಜವಳಿ, ಚರ್ಮ, ಎಂಜಿನಿಯರಿಂಗ್ ಸರಕುಗಳ ಉತ್ಪಾದಕರಿಗೆ ಇದು ಅವಕಾಶ. ಆದರೆ ಸುಂಕ ಇಳಿದ ಮಾತ್ರಕ್ಕೆ ಮಾಲು ತಾನಾಗಿ ಹೋಗದು. ಗೋಕುಲ ರಸ್ತೆಯ ಘಟಕದ ವಾಲ್ವ್ ಆಗಲಿ, ಗಾಮನಗಟ್ಟಿಯ ಬಿಡಿಭಾಗವಾಗಲಿ ಅಲ್ಲಿಯ ಅಳತೆ, ಅಲ್ಲಿಯ ಪ್ರಮಾಣಪತ್ರ, ಅಲ್ಲಿಯ ಗಡುವಿಗೆ ಹೊಂದಬೇಕು. ಹದಿನೈದು ದಿನದ ಪ್ರವಾಸದಲ್ಲಿ ಅರ್ಧ ದಿನವನ್ನು ತನ್ನ ಧಂದೆಯ ಒಂದು ಅಂಗಡಿಯಲ್ಲಿ ಕಳೆದು, ಮಾಲಿನ ಮೇಲಿನ ಚೀಟಿಯನ್ನೂ ಬೆಲೆಯನ್ನೂ ಓದಿಕೊಂಡು ಬಂದವನಿಗೆ ಈ ಒಪ್ಪಂದ ಪತ್ರಿಕೆಯ ಸುದ್ದಿಯಾಗಿ ಮಾತ್ರ ಉಳಿಯುವುದಿಲ್ಲ.

ಕೊಳ್ಳುವವರು ಮತ್ತೊಂದನ್ನೂ ತಿಳಿದಿರಬೇಕು. ಪ್ರವಾಸಿಗರು ಕೊಂಡು ಒಯ್ಯುವ ಸರಕಿನ ಮೇಲಿನ ವ್ಯಾಟ್ ಮರುಪಾವತಿ ಸೌಲಭ್ಯವನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 2021ರ ಜನವರಿ 1ರಿಂದ ನಿಲ್ಲಿಸಲಾಗಿದೆ. ಐರ್ಲೆಂಡಿನಲ್ಲಿ ಅದು ಮುಂದುವರಿದಿದೆ. ಹಳೆಯ ಪ್ರವಾಸಿಗರ ಮಾತು ನಂಬಿ ಲಂಡನ್ನಿನಲ್ಲಿ ಕೊಂಡು ಹೀಥ್ರೂದಲ್ಲಿ ರಸೀದಿ ಹಿಡಿದು ಅಲೆದಾಡುವುದು ವ್ಯರ್ಥ.

ಮನೆಯ ಬಾಗಿಲು

ಈ ಎಲ್ಲವನ್ನೂ ನೋಡಿ ಮರಳಿದ ದಂಪತಿ ಬೈರಿದೇವರಕೊಪ್ಪದ ನಿಲ್ದಾಣದಲ್ಲಿ ಚಿಗರಿ ಬಸ್ಸಿನಿಂದ ಇಳಿದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಅಲ್ಲಿಂದ ಒಂದು ದಂಪತಿ ಇಲ್ಲಿಗೆ ಬಂದರೆ ಅವರಿಗೆ ತೋರಿಸುವುದೇನು?

ತೋರಿಸಲು ಕೊರತೆಯಿಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ ಹತ್ತಿರದಲ್ಲಿಯೇ ಇದೆ. ಈ ಸೀಮೆಯ ಶಿಲ್ಪಕಲೆಯ ಛಾಯಾಚಿತ್ರಗಳ ದೊಡ್ಡ ಗ್ರಂಥ 1866ರಲ್ಲಿಯೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಭಾರತೀಯ ಮಾನಕ ಬ್ಯೂರೋ ಪ್ರಮಾಣೀಕರಿಸಿದ ಖಾದಿಯ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. 2021ರ ಡಿಸೆಂಬರಿನ ತಿದ್ದುಪಡಿಯಿಂದ ಪಾಲಿಯೆಸ್ಟರ್ ಹಾಗೂ ಯಂತ್ರನಿರ್ಮಿತ ಧ್ವಜಗಳಿಗೂ ಅನುಮತಿ ದೊರೆತ ಮೇಲೆ ಅಲ್ಲಿಯ ನೂಲುವ, ಹೊಲಿಯುವ ಹೆಣ್ಣುಮಕ್ಕಳ ಕೆಲಸದ ಚಿಂತೆ ಹೆಚ್ಚಿದೆ. ಒಂದು ರಾಷ್ಟ್ರದ ಧ್ವಜ ತಯಾರಾಗುವ ಸ್ಥಳವನ್ನು ಬೇರೆ ನಾಡಿನವರು ಯಾತ್ರಾಸ್ಥಳವನ್ನಾಗಿ ಮಾಡುತ್ತಿದ್ದರು. ಎಳೆ ಎಣಿಸಿ ಹಾಕುವ ಗವಂತಿ, ಮುರಗಿ, ನೇಯ್ಗಿ, ಮೆಂತೆ ಹೊಲಿಗೆಗಳ ಕಸೂತಿ ಇದೆ, ನವಲಗುಂದದ ಜಮಖಾನವಿದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆದಿದೆ. 2023ರ ಮಾರ್ಚಿನಲ್ಲಿ ಲೋಕಾರ್ಪಣೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ.

ಕೊರತೆ ಇರುವುದು ಬಾಗಿಲು ತೆರೆಯುವ ಮನಸ್ಸಿನಲ್ಲಿ. ಕಸೂತಿಗೂ ಜಮಖಾನಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ 1999ರ ಕಾಯಿದೆಯಂತೆ ಉತ್ಪಾದಕರು ತಾವೇ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಆ ಮುದ್ರೆಯನ್ನು ಬಳಸಬೇಕು. ನೋಂದಣಿಯಿಲ್ಲದೆ, ತಪಾಸಣೆಯಿಲ್ಲದೆ ಮಾನ್ಯತೆ ಗೋಡೆಯ ಮೇಲಿನ ಪ್ರಮಾಣಪತ್ರವಾಗಿಯೇ ಉಳಿಯುತ್ತದೆ. ಯಂತ್ರದಲ್ಲಿ ಅಚ್ಚು ಹಾಕಿದ ‘ಕಸೂತಿ’ ಸೀರೆ ಪಕ್ಕದಂಗಡಿಯಲ್ಲಿ ಅರ್ಧ ಬೆಲೆಗೆ ಮಾರಾಟವಾಗುತ್ತಿದ್ದರೆ ಕೈಹೊಲಿಗೆಯ ಹೆಣ್ಣುಮಗಳಿಗೆ ದಕ್ಕುವುದೇನು? ಹ್ಯಾರಿಸ್ ದ್ವೀಪದ ನೇಕಾರನಿಗೂ ಕಲಘಟಗಿ ರಸ್ತೆಯ ಕಸೂತಿ ಕೆಲಸದವಳಿಗೂ ಇರುವ ಅಂತರ ಕೌಶಲ್ಯದ್ದಲ್ಲ. ಕಾನೂನನ್ನು ಬಳಸಿಕೊಳ್ಳುವ ಒಗ್ಗಟ್ಟಿನದು.

ಆಕ್ಷೇಪಣೆಗಳು

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಪರದೇಶದ ಪ್ರವಾಸಕ್ಕೆ ಸುರಿಯುವ ಹಣವನ್ನು ಬಾದಾಮಿ, ಹಂಪಿ, ಬೀದರಗಳಲ್ಲಿ ಖರ್ಚು ಮಾಡಿದರೆ ಇಲ್ಲಿಯ ಜನರಿಗೆ ಅನ್ನವಾಗುತ್ತದೆಂಬ ಮಾತು ತಳ್ಳಿಹಾಕುವಂಥದಲ್ಲ. ಸಾಲ ಮಾಡಿ, ಸರಬರಾಜುದಾರರ ಬಾಕಿ ಉಳಿಸಿಕೊಂಡು, ನೆರೆಯವರ ಎದುರು ಹಿರಿಮೆಗಾಗಿ ಹೋಗುವ ಪ್ರವಾಸವನ್ನು ಯಾರೂ ಸಮರ್ಥಿಸಲಾರರು. ಸಣ್ಣ ಉತ್ಪಾದಕರ ಬಾಕಿ ತೀರಿಸದೆ ವಿಮಾನ ಏರಿದವರ ಭಾವಚಿತ್ರಗಳನ್ನು ಆ ಉತ್ಪಾದಕರೂ ತಮ್ಮ ಮೊಬೈಲಿನಲ್ಲಿ ನೋಡುತ್ತಾರೆಂಬುದು ನೆನಪಿರಲಿ.

ಅಲ್ಲಿರುವುದೆಲ್ಲ ಅನುಕರಣೀಯವೆಂದೂ ತಿಳಿಯಬಾರದು. ಬ್ರಿಟನ್ನಿನ ವೂಲ್‌ವರ್ತ್ಸ್ ಎಂಬ ಹಳೆಯ ಅಂಗಡಿ ಸರಪಳಿಯ 800ಕ್ಕೂ ಹೆಚ್ಚು ಮಳಿಗೆಗಳು 2009ರ ಜನವರಿಯ ಹೊತ್ತಿಗೆ ಬಾಗಿಲು ಹಾಕಿದವು. ಎರಡು ಶತಮಾನಗಳ ಇತಿಹಾಸದ ಡೆಬೆನ್‌ಹ್ಯಾಮ್ಸ್ ಮಳಿಗೆಗಳು 2021ರಲ್ಲಿ ಮುಚ್ಚಿದವು. ಅನೇಕ ಊರುಗಳ ಪೇಟೆಬೀದಿಯಲ್ಲಿ ಖಾಲಿ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಅಜ್ಜನ ಕಾಲದ ಹೆಸರು ಗಿರಾಕಿಯನ್ನು ಕಟ್ಟಿಹಾಕದೆಂಬ ಎಚ್ಚರಿಕೆಯನ್ನೂ ಪ್ರವಾಸಿ ಅಲ್ಲಿಂದಲೇ ತರಬೇಕು.

ಆಗಬೇಕಾದುದು

ಕೆಲವು ಕೆಲಸಗಳು ದುಬಾರಿಯಲ್ಲ. ವರ್ತಕ ಸಂಘಟನೆಗಳು ವರ್ಷಕ್ಕೊಮ್ಮೆ, ಬೇಸಿಗೆಯ ರಜೆ ಮುಗಿದ ಮೇಲೆ, ಪ್ರವಾಸದಿಂದ ಮರಳಿದ ದಂಪತಿಗಳನ್ನು ಕರೆದು ಒಂದು ಸಂಜೆ ಅವರ ಅನುಭವ ಕೇಳಬಹುದು. ಭಾವಚಿತ್ರಗಳಿಗಿಂತ ಬೆಲೆಪಟ್ಟಿ, ಪ್ಯಾಕಿಂಗು, ಯಂತ್ರ, ಸೇವೆಯ ಮಾತು ಅಲ್ಲಿ ಬರಬೇಕು. ಯಜಮಾನರಷ್ಟೇ ಅಲ್ಲ, ಯಜಮಾನಿಯರೂ ವೇದಿಕೆಯ ಮೇಲೆ ಮಾತನಾಡಬೇಕು. ಇಚ್ಛೆಯುಳ್ಳ ಘಟಕಗಳು ತಿಂಗಳಿಗೆ ಒಂದು ಮಧ್ಯಾಹ್ನ ಶಾಲಾಮಕ್ಕಳಿಗೂ ಪ್ರವಾಸಿಗರಿಗೂ ಬಾಗಿಲು ತೆರೆಯಬಹುದು. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನ ಹಾದಿ ಸಿದ್ಧವಿರುವಾಗ ಧ್ವಜ, ಕಸೂತಿ, ಫೇಡಾ, ರೈಲುಗಳನ್ನು ಒಂದೇ ದಿನದಲ್ಲಿ ತೋರಿಸುವ ಮಾರ್ಗವನ್ನು ಹೊಂದಿಸುವುದು ಅಸಾಧ್ಯವೇನಲ್ಲ. ಕಸೂತಿ ಮತ್ತು ಜಮಖಾನದ ಕುಶಲಕರ್ಮಿಗಳ ಅಧಿಕೃತ ಬಳಕೆದಾರರ ನೋಂದಣಿಗೆ ಅರ್ಜಿ ತುಂಬಿಸಿಕೊಡುವ ಕೆಲಸವನ್ನು ಸಂಘಟನೆಗಳು ಸೇವೆಯೆಂದು ಕೈಗೆತ್ತಿಕೊಳ್ಳಬೇಕು.

ಇನ್ನುಳಿದದ್ದು ಪ್ರತಿಯೊಂದು ಮನೆಯ ಕೆಲಸ. ಪ್ರವಾಸದಿಂದ ಮರಳಿ ಹದಿನಾರನೆಯ ದಿನ ಅಂಗಡಿಯ ಬಾಗಿಲು ಎತ್ತಿದಾಗ ಮೊದಲು ನೋಡಬೇಕಾದುದು ಗುಮಾಸ್ತನು ನಡೆಸಿದ ಹದಿನೈದು ದಿನಗಳ ಕಿರ್ದಿಯನ್ನು. ವ್ಯಾಪಾರ ನಿಂತಿಲ್ಲವಾದರೆ ಉದ್ದಿಮೆ ತನ್ನ ಕಾಲ ಮೇಲೆ ನಿಂತಿದೆಯೆಂದು ಅರ್ಥ. ಆ ಗುಮಾಸ್ತನ ಪಗಾರ ಏರಿಸಬೇಕು. ಎರಡನೆಯದಾಗಿ ವಕೀಲರನ್ನು ಕರೆಸಿ ಪಾಲುದಾರಿಕೆಯ ಪತ್ರದಲ್ಲಿ ಪತ್ನಿಯ ಹೆಸರನ್ನು ಸೇರಿಸಬೇಕು. ಮುಂದಿನ ಬಾರಿ ಯಾವ ಅರ್ಜಿಯಲ್ಲಾದರೂ ಉದ್ಯೋಗದ ಸಾಲು ಬಂದಾಗ ಆಕೆ ಅಲ್ಲಿ ‘ಉದ್ಯಮಿ’ ಎಂದು ಬರೆಯುವಂತಾದರೆ, ಥೇಮ್ಸ್ ದಂಡೆಯವರೆಗೆ ಹೋಗಿ ಬಂದ ವೆಚ್ಚ ವಸೂಲಾಯಿತೆಂದೇ ತಿಳಿಯಬೇಕು.